ಹೊಳೆಯಾಚೆಯವರು ವಾಪಸ್ ಕೊಡುವುದಿಲ್ಲ

ಬೈಂಡರಮ್ಮನಿಗೆ ಆ ಬೆಳಿಗ್ಗೆ ಕೂತಲ್ಲಿ ಕೂರಲಾಗಲಿಲ್ಲ. ಮೊದಲನೆಯ ಕಾರಣ, ಕೂರುವುದಕ್ಕೆ ಸ್ಟೂಲೇ ಇರಲಿಲ್ಲ. ಲಿಫ್ಟ್ ರಿಪೇರಿಯವನು ಹಿಂದಿನ ದಿನ "ಒಂದ್ ನಿಮಿಷ ಕೊಡ್ತೀರಾ?" ಎಂದು ಅದನ್ನು ಎತ್ತಿಕೊಂಡು ಹೋಗಿದ್ದ. ಆ ಒಂದು ನಿಮಿಷ ಇನ್ನೂ ಮುಗಿದಿರಲಿಲ್ಲ.

ಎರಡನೆಯ ಕಾರಣವನ್ನು ಅವಳು ಕಚೇರಿಯಲ್ಲಿ ಯಾರಿಗೂ ಹೇಳುವಂತಿರಲಿಲ್ಲ. ಮೂವತ್ತೆಂಟು ವರ್ಷದ ಹೆಂಗಸು, ಹಳೇ ದಾಖಲೆಗಳ ಕಚೇರಿಯಲ್ಲಿ ಹದಿನಾಲ್ಕು ವರ್ಷದಿಂದ ರಿಜಿಸ್ಟರುಗಳಿಗೆ ಹೊಲಿಗೆ ಹಾಕುತ್ತಿರುವವಳು, ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಸಾಕು, ಅಂಟಿನ ಬ್ರಷ್ಷು ಹಿಡಿದುಕೊಂಡೇ ಬಾಗಿಲ ಕಡೆ ತಿರುಗುತ್ತಾಳೆ ಎಂದರೆ ಕೇಳಿದವರು ನಗುತ್ತಾರೆ. ಅವಳಿಗೇ ನಗು ಬರುತ್ತಿತ್ತು. ನಗು ಬಂದಮೇಲೂ ಎದೆ ಹೊಡೆದುಕೊಳ್ಳುವುದು ನಿಲ್ಲುತ್ತಿರಲಿಲ್ಲ.

ಮೂರನೇ ಮಹಡಿಯ ಅವಳ ಕೋಣೆಯಲ್ಲಿ ಗೋಡೆಗೊಂದು ಹಲಗೆ, ಹಲಗೆಯ ತುಂಬ ಮೊಳೆ, ಒಂದೊಂದು ಮೊಳೆಗೆ ಒಂದೊಂದು ಸಾಮಾನು. ಯಾವುದು ಎಲ್ಲಿ ತೂಗಬೇಕೆಂದು ಅದರದರ ಆಕಾರಕ್ಕೆ ಸುತ್ತಲೂ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದಳು. ಹದಿನಾಲ್ಕು ವರ್ಷದಲ್ಲಿ ಒಂದು ಗೆರೆಯೂ ಬರಿದಾಗಿ ಸಂಜೆ ಕಂಡದ್ದಿಲ್ಲ. ಲಿಫ್ಟಿನವನು ಬಂದ ಎರಡೂವರೆ ವಾರದಲ್ಲಿ ಕತ್ತರಿ ಹೋಯಿತು, ಉದ್ದದ ಸ್ಕೇಲು ಹೋಯಿತು, ಚಿಕ್ಕ ಸುತ್ತಿಗೆ ಹೋಯಿತು, ಹಾಳೆಗಳಿಗೆ ತೂತು ಹಾಕುವ ದಬ್ಬಳವೂ ಹೋಯಿತು. ಲಿಫ್ಟಿಗೂ ದಬ್ಬಳಕ್ಕೂ ಏನಪ್ಪಾ ಸಂಬಂಧ ಎಂದು ಕೇಳಿಯೇಬಿಡಬೇಕು ಎಂದುಕೊಂಡಿದ್ದಳು. ಅವನು ಬಾಗಿಲಲ್ಲಿ ನಿಂತು, ತಲೆ ಕೆರೆದುಕೊಂಡು, "ಒಂಚೂರು ಬೇಕಿತ್ತು" ಎಂದಾಗ ಬಾಯಿಂದ ಬಂದದ್ದು "ತಗೊಳ್ಳಿ" ಎಂಬ ಒಂದೇ ಮಾತು.

ಅವನು ಹೊಳೆಯಾಚೆಯವನು. ಸೇತುವೆ ದಾಟಿ ಒಂದೂವರೆ ಗಂಟೆ ಬಸ್ಸಿನಲ್ಲಿ ಹೋದರೆ ಅವನ ಊರು. ಎರಡು ವರ್ಷದಿಂದ ಕೆಟ್ಟು ನಿಂತಿದ್ದ ಲಿಫ್ಟನ್ನು ಮೂರು ವಾರದಲ್ಲಿ ಎಬ್ಬಿಸಿ ಬಾ ಎಂದು ಕಂಪನಿ ಕಳಿಸಿತ್ತು. ನಲವತ್ತರ ಆಸುಪಾಸು, ಒಂಟಿ, ಮಾತು ಕಡಿಮೆ, ಯಾರು ಗದರಿದರೂ ಮುಖದಲ್ಲಿ ಒಂದು ಗೆರೆ ಬದಲಾಗದ ಆಸಾಮಿ. ಈ ಶನಿವಾರ ಮಧ್ಯಾಹ್ನ ಹನ್ನೆರಡೂವರೆ ಬಸ್ಸಿಗೆ ಅವನು ವಾಪಸ್. ಆಮೇಲೆ ಕಂಪನಿ ಅವನನ್ನು ಯಾವ ದಿಕ್ಕಿಗೆ ಅಟ್ಟುತ್ತದೋ ಅವನಿಗೇ ಗೊತ್ತಿರಲಿಲ್ಲ. ಅಷ್ಟರೊಳಗೆ ಅವನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದಿದ್ದರೆ ಇನ್ನು ಜನ್ಮದಲ್ಲಿ ತಿಳಿಯುವುದಿಲ್ಲ ಎಂಬುದು ಬೈಂಡರಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಹೊಳೆಯ ಎರಡು ದಡದಲ್ಲೂ ಆಡುವ ಮಾತು ಒಂದೇ, ಉಡುವ ಬಟ್ಟೆ ಒಂದೇ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಡುವ ರೀತಿಯೂ ಒಂದೇ. ಪ್ರೀತಿಯ ವಿಷಯಕ್ಕೆ ಬಂದರೆ ಮಾತ್ರ ಅವರು ಉತ್ತರ, ಇವರು ದಕ್ಷಿಣ. ಹೊಳೆಯೀಚೆಯವರಿಗೆ "ನೀನಂದ್ರೆ ನಂಗಿಷ್ಟ" ಎಂದು ಬಾಯಿಬಿಟ್ಟು ಹೇಳುವುದು ನಡುಬೀದಿಯಲ್ಲಿ ನಿಂತು ಹಲ್ಲುಜ್ಜಿದಷ್ಟು ನಾಚಿಕೆಗೇಡು. ಅದರ ಬದಲು ಅವರು ರಿಪೇರಿ ಮಾಡುತ್ತಾರೆ. ಇಷ್ಟವಾದವರ ಯಾವುದಾದರೊಂದು ಸಾಮಾನು ಒಯ್ದು, ಸರಿಮಾಡಿ, ತಂದುಕೊಟ್ಟು, ಕೊಡುವಾಗ ಎರಡು ಮಾತು ಬೈದು ಹೋಗುತ್ತಾರೆ. ಬೈಂಡರಮ್ಮನ ಭಾವ ಹದಿನೇಳು ವರ್ಷದ ಕೆಳಗೆ ಅಕ್ಕನ ಸೈಕಲ್ಲನ್ನು ಗೇಟಿನಿಂದ ತಳ್ಳಿಕೊಂಡು ಹೋಗಿ, ಚೈನು ಬದಲಿಸಿ, ಬೆಲ್ಲಿಗೆ ಎಣ್ಣೆ ಬಿಟ್ಟು, ಸಂಜೆ ತಂದು ನಿಲ್ಲಿಸಿ, "ಈ ಬ್ರೇಕಲ್ಲಿ ನೀವು ಇಷ್ಟು ದಿನ ಬದುಕಿದ್ದೇ ಹೆಚ್ಚು" ಎಂದಿದ್ದ. ಅಕ್ಕ ಸೀದಾ ಒಳಗೆ ಹೋಗಿ ಅಮ್ಮನಿಗೆ "ಇವನೇ" ಎಂದಳು. ಅಲ್ಲಿಗೆ ಮಾತುಕತೆ ಮುಗಿಯಿತು.

ಇಂಥ ಮನೆಯಲ್ಲಿ ಲಿಫ್ಟಿನವನ ಲೆಕ್ಕ ಹೇಗೆ ಕುದುರಬೇಕು?

"ಐದು ಸಾಮಾನು ಒಯ್ದು ಒಂದೂ ತಂದುಕೊಟ್ಟಿಲ್ಲ ಅಂದ್ರೆ ಏನೇ ಅರ್ಥ?" ಎಂದು ಹಿಂದಿನ ರಾತ್ರಿ ಅಕ್ಕ ಕೇಳಿದ್ದಳು. "ನಿನ್ನ ಮೇಲೆ ಅವನಿಗೆ ಮೂರು ಕಾಸಿನ ಮರ್ಯಾದೆ ಇಲ್ಲ ಅಂತ. ಹೊಳೆಯಾಚೆಯವರೇ ಹಾಗೆ. ಕೈಗೆ ಸಿಕ್ಕಿದ್ದನ್ನ ಬಿಡಲ್ಲ."

"ಒಂದು ಸ್ಕ್ರೂ ಆದ್ರೂ ಬಿಗಿ ಮಾಡಿ ಕೊಟ್ನಾ?" ಎಂದು ಭಾವ ಪೇಪರಿನ ಹಿಂದಿನಿಂದ ಕೇಳಿದ.

"ಇಲ್ಲ ಭಾವ."

"ಹಾಗಾದ್ರೆ ಬಿಟ್ಟಾಕು."

ಬಿಟ್ಟುಹಾಕುವುದು ಅಷ್ಟು ಸುಲಭವಾಗಿದ್ದರೆ ಅವಳು ಸ್ಟೂಲಿಲ್ಲದ ಕೋಣೆಯಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಯಾಕೆ ತಿರುಗುತ್ತಿದ್ದಳು?

ಅವತ್ತು ಮಂಗಳವಾರ. ಹನ್ನೊಂದು ಗಂಟೆಗೆ ಅವನು ಬಂದ. ಕೈಯಲ್ಲಿ ಸ್ಟೂಲು ಇರಲಿಲ್ಲ, ಒಂದು ಪುಸ್ತಕ ಇತ್ತು. ಲಿಫ್ಟಿನ ವೈರು, ಬ್ರೇಕು, ಬಾಗಿಲುಗಳ ಚಿತ್ರಗಳಿದ್ದ ಹಳೇ ಕೈಪಿಡಿ. ಎಣ್ಣೆಯ ಕಲೆ, ಕಿತ್ತುಹೋದ ಬೆನ್ನು, ಹಾಳೆಗಳೆಲ್ಲ ಕಡೆಗೆ ಒಂದು ರಬ್ಬರ್ ಬ್ಯಾಂಡಿನ ದಯೆಯಲ್ಲಿ ಒಟ್ಟಿಗಿದ್ದವು.

"ನನಗೆ ಕೆಲಸ ಕಲಿಸಿದ ಮೇಸ್ತ್ರಿದು" ಎಂದ. "ಇದು ನಿಮ್ಮ ಹತ್ರ ಇರ್ಲಿ."

"ಯಾವಾಗ ಬೇಕು?"

"ಬೇಕು ಅಂತೇನಿಲ್ಲ" ಎಂದು, ಕಿವಿ ಕೆಂಪಗೆ ಮಾಡಿಕೊಂಡು, ಸರಸರ ಮೆಟ್ಟಿಲು ಹತ್ತಿ ಹೋದ.

ಬೈಂಡರಮ್ಮ ಬಾಗಿಲು ಹಾಕಿಕೊಂಡು ಬಾಗಿಲಿಗೇ ಒರಗಿ ನಿಂತಳು. ಕೊನೆಗೂ! ತಾನು ರಿಪೇರಿ ಮಾಡಿ ಕೊಡುವುದಿರಲಿ, ರಿಪೇರಿ ಮಾಡಿಕೊಡು ಎಂದು ತನ್ನ ಜೀವದಂಥ ವಸ್ತುವನ್ನೇ ತಂದು ಕೈಗಿಟ್ಟಿದ್ದಾನೆ. ಬಾಯಿಬಿಟ್ಟು ಕೇಳಲಾರದ ನಾಚಿಕೆಯವನು, ಪಾಪ. ಹೊಳೆಯೀಚೆಯ ಯಾವ ಹೆಣ್ಣಿಗೂ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಎರಡು ದಿನ ಅವಳು ಇಹಲೋಕದಲ್ಲಿರಲಿಲ್ಲ. ಕ್ಯಾಂಟೀನಿನಿಂದ ಒಂದು ಕುರ್ಚಿ ಕೇಳಬಹುದಿತ್ತು, ಕೇಳಲಿಲ್ಲ. ಬೇರೆಯವರ ಹತ್ತಿರ ಒಂದು ಗುಂಡುಸೂಜಿ ಕೇಳಿಯೂ ಗೊತ್ತಿಲ್ಲದವಳು ಅವಳು. ನಾಲ್ಕು ಹೆಣ್ಣುಮಕ್ಕಳನ್ನು ಅಮ್ಮ ಹಾಗೆಯೇ ಬೆಳೆಸಿದ್ದಳು. ನಿಂತೇ ಕೆಲಸ ಮಾಡಿದಳು. ಹರಿದ ಹಾಳೆಗಳಿಗೆ ತೆಳು ಕಾಗದ ಅಂಟಿಸಿದಳು. ದಬ್ಬಳವಿಲ್ಲದ್ದಕ್ಕೆ ದಪ್ಪ ಸೂಜಿಯಲ್ಲೇ ತೂತು ಹಾಕಿ, ಬೆರಳು ಚುಚ್ಚಿಕೊಂಡು, ಮೇಣ ತಿಕ್ಕಿದ ದಾರದಲ್ಲಿ ಕಟ್ಟುಕಟ್ಟಾಗಿ ಹೊಲಿದಳು. ಹಸಿರು ಬಟ್ಟೆಯ ರಟ್ಟು ಹಾಕಿ, ಮೂಲೆಗಳಿಗೆ ಚರ್ಮ ಕೂಡಿಸಿ, ಪುಟದ ಗುರುತಿಗೆ ಒಂದು ಕೆಂಪು ಪಟ್ಟಿಯನ್ನೂ ಇಟ್ಟಳು. ಈ ಗಡಿಬಿಡಿಯಲ್ಲಿ ಕಚೇರಿಯ ಜನನ ನೋಂದಣಿಯ ರಿಜಿಸ್ಟರೊಂದನ್ನು ತಲೆಕೆಳಗಾಗಿ ಹೊಲಿದುಬಿಟ್ಟಳು. ಒಂದು ವರ್ಷ ಹುಟ್ಟಿದವರೆಲ್ಲ ಕಾಲು ಮೇಲಾಗಿ ನಿಂತರು. ಅದನ್ನು ಬಿಚ್ಚಿ ಮತ್ತೆ ಹೊಲಿಯುವಾಗಲೂ ಅವಳಿಗೆ ಬೇಜಾರಾಗಲಿಲ್ಲ.

ಗುರುವಾರ ಸಂಜೆ ಮೆಟ್ಟಿಲ ತಿರುವಿನಲ್ಲಿ ಅವನನ್ನು ನಿಲ್ಲಿಸಿ ಪುಸ್ತಕವನ್ನು ಅವನ ಮುಂದೆ ಹಿಡಿದಳು. ಬೈಗುಳವನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡೇ ಬಂದಿದ್ದಳು.

"ತಗೊಳ್ಳಿ. ಪುಸ್ತಕ ಇಟ್ಟುಕೊಳ್ಳೋ ರೀತಿನಾ ಇದು? ದನ ಮೆಲುಕು ಹಾಕಿದ ಹಾಗಿತ್ತು."

ಅವನು ಪುಸ್ತಕ ನೋಡಿದ. ಅವಳನ್ನು ನೋಡಿದ.

"ವಾಪಸ್ಸಾ?" ಎಂದ.

"ವಾಪಸ್ಸೇ. ಒಂದು ಹಾಳೆನೂ ಬಿಟ್ಟಿಲ್ಲ, ಎಣಿಸಿಕೊಳ್ಳಿ."

"ನಿಮಗೆ ಬೇಡವಾ?"

"ನನಗ್ಯಾಕ್ರೀ? ನಿಮ್ಮದಲ್ವಾ?"

ಅವನ ಮುಖ ಬಿಳಿಚಿಕೊಂಡಿತು. ರಟ್ಟಿನ ಮೇಲೆ ಒಂದು ಸಲ ಅಂಗೈ ಆಡಿಸಿ ಇಳಿದು ಹೋದ. ಎಷ್ಟು ಮನಸ್ಸಿಗೆ ತಟ್ಟಿದೆ ನೋಡು, ಮಾತೇ ಹೊರಡಲಿಲ್ಲ ಎಂದು ಬೈಂಡರಮ್ಮ ಹಿಗ್ಗಿ ಹೀರೇಕಾಯಾದಳು.

ಶುಕ್ರವಾರ ಬೆಳಿಗ್ಗೆ ಅವಳು ಬೀಗ ತೆಗೆಯುವ ಮೊದಲೇ ಅವನು ಕೋಣೆಯ ಮುಂದೆ ನಿಂತಿದ್ದ. ಕತ್ತರಿ, ಸ್ಕೇಲು, ಸುತ್ತಿಗೆ, ದಬ್ಬಳ, ಸ್ಟೂಲು. ಕತ್ತರಿಗೆ ಸಾಣೆ ಹಿಡಿಸಿದ್ದ. ಸುತ್ತಿಗೆಯ ಅಲ್ಲಾಡುವ ಹಿಡಿಗೆ ಬೆಣೆ ಹೊಡೆದಿದ್ದ. ಸ್ಟೂಲಿನ ನಾಲ್ಕು ಕಾಲಿಗೂ ರಬ್ಬರಿನ ಬುಷ್ಷು ಬಂದಿತ್ತು.

"ಎಲ್ಲಾ ಇದೆ, ನೋಡ್ಕೊಳ್ಳಿ" ಎಂದ. "ಇಷ್ಟು ದಿನ ತೊಂದರೆ ಕೊಟ್ಟೆ. ಇನ್ನು ಕೊಡಲ್ಲ."

ಅವಳಿಗೆ ಕಣ್ಣು ತುಂಬಿ ಬಂತು. ಒಂದಲ್ಲ, ಎರಡಲ್ಲ, ಐದು ಸಾಮಾನು! ಭಾವ ಒಂದು ಸೈಕಲ್ಲಿಗೇ ಗೆದ್ದಿದ್ದ.

ಸಂಜೆ ಕತ್ತರಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ತಂದಳು. ಭಾವ ಅದನ್ನು ಬೆಳಕಿಗೆ ಹಿಡಿದು, ಅಲಗಿನ ಮೇಲೆ ಉಗುರು ಎಳೆದು, ಪೇಪರಿನ ಒಂದು ಮೂಲೆಯನ್ನು ಕಚಕ್ಕೆಂದು ಕತ್ತರಿಸಿ ನೋಡಿದ. "ಎರಡೂ ಅಲಗಿಗೆ ಹಿಡಿಸಿದಾನೆ" ಎಂದ. "ನಡುವಿನ ಸ್ಕ್ರೂ ಬಿಚ್ಚಿ ತೊಳೆದಿದಾನೆ. ಹೊತ್ತು ಹೋಗದೆ ಮಾಡೋ ಕೆಲಸ ಅಲ್ಲ ಇದು. ಹುಡುಗ ಗಟ್ಟಿ."

"ನಲವತ್ತು ವರ್ಷದ ಹುಡುಗ" ಎಂದು ಅಕ್ಕ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಳೆ ಹೊರಡೋ ಮುಂಚೆ ಬಂದು ಮಾತಾಡ್ತಾನೆ ಬಿಡು. ಇಲ್ಲಿಗೇ ಕರ್ಕೊಂಡು ಬಾ."

ಶನಿವಾರ ಅರ್ಧ ದಿನ ಕಚೇರಿ. ಲಿಫ್ಟು ಓಡಲು ಶುರುವಾಗಿತ್ತು. ಎರಡು ವರ್ಷ ಮೆಟ್ಟಿಲು ಹತ್ತಿ ಮೊಣಕಾಲು ಸವೆಸಿಕೊಂಡಿದ್ದ ಸಿಬ್ಬಂದಿ ಕೆಲಸವಿದ್ದರೂ ಇಲ್ಲದಿದ್ದರೂ ಮೇಲಕ್ಕೂ ಕೆಳಕ್ಕೂ ಸವಾರಿ ಹೊರಟಿತ್ತು. ಲಿಫ್ಟಿನ ಬಾಗಿಲು ತೆಗೆದ ಸದ್ದಿಗೆಲ್ಲ ಬೈಂಡರಮ್ಮ ಕೂದಲು ಸರಿಮಾಡಿಕೊಂಡಳು. ಒಮ್ಮೆ ಗುಮಾಸ್ತ ಇಳಿದ. ಒಮ್ಮೆ ಟೈಪಿಸ್ಟು. ಒಮ್ಮೆ ಯಾರೂ ಇಳಿಯಲಿಲ್ಲ, ಬಾಗಿಲು ತನ್ನಷ್ಟಕ್ಕೆ ತೆರೆದು ಮುಚ್ಚಿಕೊಂಡಿತು. ಹತ್ತೂವರೆ ಆಯಿತು. ಹನ್ನೊಂದಾಯಿತು. ಸ್ಟೂಲಿನ ಮೇಲೆ ಕೂತಳು, ಎದ್ದಳು, ಕೂತಳು. ಅಂಟು ಕಲಸಿದಳು, ಅದು ಗಟ್ಟಿಯಾಗುವವರೆಗೂ ಮುಟ್ಟಲಿಲ್ಲ. ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ತಡೆಯಲಾರದೆ ಕೆಳಗೆ ಕ್ಯಾಂಟೀನಿಗೆ ಬಂದಳು.

ಕ್ಯಾಂಟೀನು ನಡೆಸುವ ಅಕ್ಕ ಹೊಳೆಯಾಚೆಯಿಂದ ಇಲ್ಲಿಗೆ ಮದುವೆಯಾಗಿ ಬಂದವಳು. ಟೀ ಲೋಟ ಮುಂದಿಟ್ಟು ತಾನಾಗಿಯೇ ಶುರುಮಾಡಿದಳು.

"ನಮ್ಮ ಕಡೆಯ ಲಿಫ್ಟಿನವನು ಈಗ ತಾನೇ ಹೋದ. ಮುಖ ನೋಡೋಕಾಗಲ್ಲ. ಯಾರೋ ಮಹಾತಾಯಿ, ಇಟ್ಕೊಳ್ಳಿ ಅಂತ ಕೊಟ್ಟ ಪುಸ್ತಕಾನ ವಾಪಸ್ ಕೊಟ್ಟಳಂತೆ. ಬೈದು ಬೇರೆ ಕೊಟ್ಟಳಂತೆ! ಕಲ್ಲು ಮನಸ್ಸು."

"ವಾಪಸ್ ಕೊಟ್ಟರೆ ಏನಂತೆ?" ಬೈಂಡರಮ್ಮನ ಕೈಯಲ್ಲಿ ಲೋಟ ಹಾಗೇ ನಿಂತಿತು. "ಚೆನ್ನಾಗಿ ರಿಪೇರಿ ಮಾಡಿ ತಾನೇ ಕೊಟ್ಟಿದ್ದು?"

"ಅಯ್ಯೋ, ನೀವು ಹೊಳೆಯೀಚೆಯವರು ರಿಪೇರಿ ರಿಪೇರಿ ಅಂತ ಸಾಯ್ತೀರಿ. ನಮ್ಮ ಕಡೆ ಇಷ್ಟ ಆದವರ ಹತ್ರ ಏನಾದ್ರೂ ಒಂದು ಇಸ್ಕೋತೀವಿ. ವಾಪಸ್ ಕೊಡಲ್ಲ. ನಮ್ಮದೂ ಒಂದು ಅವರ ಹತ್ರ ಬಿಡ್ತೀವಿ. ಇಟ್ಕೊಂಡಿದ್ರೆ ಇನ್ನೊಂದ್ಸಲ ಬರೋಕೆ ನೆಪ ಇರುತ್ತೆ ನೋಡು. ಎಲ್ಲಾ ವಾಪಸ್ ಕೊಟ್ಟರೆ ಮುಗೀತು. ಅದರಲ್ಲೂ ಸಾಣೆಗೀಣೆ ಹಿಡಿಸಿ ಕೊಟ್ಟರೆ, ಇನ್ನು ನಿನ್ನ ಮುಖ ನೋಡಲ್ಲ ಅಂತ." ಕ್ಯಾಂಟೀನಿನ ಅಕ್ಕ ಸೌಟು ಎತ್ತಿ ಹಣೆಗೆ ತಟ್ಟಿಕೊಂಡಳು. "ನಮ್ಮ ಯಜಮಾನರೂ ನಿಮ್ಮ ಕಡೆಯವರೇ. ಮದುವೆಗೆ ಮುಂಚೆ ನನ್ನ ಕೊಡೆ ಒಯ್ದೋರು ಮಾರನೇ ದಿನವೇ ಕಡ್ಡಿ ಹಾಕಿಸಿ ತಂದುಕೊಟ್ಟರು. ಮೂರು ದಿನ ಅತ್ತಿದೀನಿ ಕಣೇ. ಆಮೇಲೆ ಯಾರೋ ಪುಣ್ಯಾತ್ಮರು ಬಿಡಿಸಿ ಹೇಳಿದ್ರು... ಏನಾಯ್ತು? ಯಾಕೆ ಹೀಗೆ ನೋಡ್ತಿದೀಯಾ?"

"ಆ ಮಹಾತಾಯಿ ನಾನೇ ಕಣಕ್ಕಾ" ಎಂದಳು ಬೈಂಡರಮ್ಮ.

ಗೋಡೆಯ ಗಡಿಯಾರದಲ್ಲಿ ಹನ್ನೆರಡು ಹೊಡೆದು ಐದು ನಿಮಿಷ. ಬಸ್ ನಿಲ್ದಾಣ ಅರ್ಧ ಗಂಟೆಯ ದಾರಿ. ಅವಳು ಓಡಿದಳು. ಓಡುತ್ತ ಓಡುತ್ತ ಎಲ್ಲವೂ ಒಂದೊಂದಾಗಿ ಮುಖಕ್ಕೆ ರಾಚಿದವು. ಅವನು ಮೊದಲ ದಿನವೇ ಕತ್ತರಿ ಕೇಳಿದ್ದ. ಎರಡನೇ ದಿನವೇ ಸ್ಕೇಲು. ಎಂದರೆ ಮೊದಲ ದಿನದಿಂದಲೇ. ನಾನು ಮನೆಯಲ್ಲಿ ಕೂತು ಅವನನ್ನು ಮರ್ಯಾದೆಯಿಲ್ಲದವನು ಎಂದು ಅಕ್ಕನ ಬಾಯಲ್ಲಿ ಅನ್ನಿಸಿದ್ದೆ. ದನ ಮೆಲುಕು ಹಾಕಿದ ಹಾಗಿತ್ತು ಎಂದಿದ್ದೆ! ಎದುರಿಗೆ ಬಂದ ಕೈಗಾಡಿಯೊಂದು ಸೊಂಟಕ್ಕೆ ತಗುಲಿತು, ಗಾಡಿಯವನು ಬೈದ. ಬೈಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಒಂದು ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಎರಡನ್ನೂ ಕೈಯಲ್ಲಿ ಹಿಡಿದುಕೊಂಡಳು.

ಬಸ್ಸಿನ ಎಂಜಿನು ಆಗಲೇ ಗುರುಗುಡುತ್ತಿತ್ತು. ಅವನು ಬಾಗಿಲಿನಿಂದ ಮೂರನೇ ಸೀಟಿನಲ್ಲಿ, ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡು, ಎದುರಿನ ಸೀಟಿನ ಬೆನ್ನನ್ನು ನೋಡುತ್ತ ಕೂತಿದ್ದ. ಅವಳು ಮೆಟ್ಟಿಲು ಹತ್ತಿ ಕಂಬಿ ಹಿಡಿದು ನಿಂತಳು.

ಅವನು ತಲೆಯೆತ್ತಿದ. ಗಾಬರಿಯಿಂದ ಎದ್ದು ನಿಂತ. "ಎಲ್ಲಾ ಕೊಟ್ಟಿದ್ದೀನಲ್ಲ. ಏನಾದ್ರೂ ಉಳೀತಾ?"

"ರೀ, ನಿಮ್ಮ ಪುಸ್ತಕ ಬೇಡ ಅಂತ ನಾನು ವಾಪಸ್ ಕೊಟ್ಟಿದ್ದಲ್ಲ" ಎಂದಳು. ಧ್ವನಿ ಇಡೀ ಬಸ್ಸಿಗೆ ಕೇಳುವಷ್ಟಾಯಿತು. ಆಗಲಿ ಎಂದುಕೊಂಡಳು. "ನಮ್ಮ ಕಡೆ ಇಷ್ಟ ಆದವರ ಸಾಮಾನು ಸರಿ ಮಾಡಿ ಕೊಡ್ತೀವಿ. ಎರಡು ದಿನ ನಿಂತ್ಕೊಂಡು ಹೊಲಿದಿದ್ದೀನಿ. ನೀವು ಕತ್ತರಿ ಸಾಣೆ ಹಿಡಿಸಿ ಕೊಟ್ಟಿರಲ್ಲ, ಅದನ್ನ ಮನೆಗೆ ತಗೊಂಡು ಹೋಗಿ ನಮ್ಮ ಅಕ್ಕ ಭಾವನಿಗೆ ತೋರಿಸಿದೀನಿ. ಅವರು ಬೆಳಿಗ್ಗೆಯಿಂದ ನಿಮ್ಮ ದಾರಿ ಕಾಯ್ತಾ ಕೂತಿದಾರೆ. ಗೊತ್ತಿರಲಿಲ್ಲ ನನಗೆ. ಈಗ ಗೊತ್ತಾಯ್ತು. ನೀವಂದ್ರೆ ನಂಗಿಷ್ಟ."

ನಡುಬೀದಿಯಲ್ಲಿ ಹಲ್ಲುಜ್ಜಿದ್ದಾಯಿತು. ಮುಖ ಕಾದ ಹೆಂಚಾಗಿತ್ತು.

ಬಸ್ಸಿನ ತುಂಬ ಹೊಳೆಯಾಚೆಯ ಜನ. ಮಾತಾಡುತ್ತಿದ್ದವರೆಲ್ಲ ಇತ್ತ ತಿರುಗಿದರು. ಅವನು ಮಾತ್ರ ನಂಬಲೋ ಬೇಡವೋ ಎಂಬಂತೆ ಬ್ಯಾಗಿನ ಪಟ್ಟಿಯನ್ನು ಹಿಂಡುತ್ತ ನಿಂತಿದ್ದ.

"ಮಾತಲ್ಲಿ ಹೇಳೋದನ್ನ ನಾನು ಕೇಳಿ ಗೊತ್ತಿಲ್ಲ" ಎಂದ ಮೆಲ್ಲಗೆ. "ನೀವು ಯಾವತ್ತೂ ನನ್ನ ಹತ್ರ ಏನೂ ಕೇಳಲಿಲ್ಲ. ಎರಡೂವರೆ ವಾರ ಕಾದೆ. ಒಂದು ಸ್ಕ್ರೂಡ್ರೈವರ್ ಕೇಳ್ತೀರೇನೋ ಅಂತ."

ಕೇಳುವುದು! ಅಮ್ಮ ಕಲಿಸದೇ ಇದ್ದ ಒಂದೇ ವಿದ್ಯೆ. ಇಷ್ಟ ಎಂದು ಹೇಳುವಾಗಲೂ ಆಗದಷ್ಟು ನಾಚಿಕೆ ಈಗ ಮೈಯೆಲ್ಲ ಹಬ್ಬಿತು. ಡ್ರೈವರು ಗೇರು ಹಾಕಿದ. ಕಾಲ ಕೆಳಗೆ ಮೆಟ್ಟಿಲು ನಡುಗಿತು. ಅವಳು ಕಂಬಿ ಬಿಟ್ಟು ಕೈ ಚಾಚಿದಳು.

"ನಿಮ್ಮ ಟಿಕೆಟ್ ಕೊಡಿ."

"ಕೇಳೇಬಿಟ್ಟಳಲ್ಲಪ್ಪಾ!" ಎಂದು ಮುಂದಿನ ಸೀಟಿನ ಅಜ್ಜಿಯೊಬ್ಬಳು ಕೆನ್ನೆಗೆ ಕೈ ಹಚ್ಚಿಕೊಂಡಳು.

ಅವನು ಬಾಗಿಲ ಬಳಿ ಬಂದು ಜೇಬಿನಿಂದ ಟಿಕೆಟ್ ತೆಗೆದ. ಅವಳ ಅಂಗೈಯ ಮೇಲಿಡುವ ಮೊದಲು ಒಂದು ಗಳಿಗೆ ನಿಂತು, "ವಾಪಸ್ ಯಾವಾಗ ಕೊಡ್ತೀರಿ?" ಎಂದ.

"ಕೊಡಲ್ಲ" ಎಂದಳು ಬೈಂಡರಮ್ಮ.

ಬಸ್ಸಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಕಂಡಕ್ಟರು ಹಿಂದಿನಿಂದ ಜನರನ್ನು ಸರಿಸಿಕೊಂಡು ಬಂದ. ಅವನೂ ಹೊಳೆಯಾಚೆಯವನೇ. ಮುಖವನ್ನು ಆದಷ್ಟು ಗಂಟು ಹಾಕಿಕೊಂಡು ಲಿಫ್ಟಿನವನ ಮುಂದೆ ನಿಂತ.

"ಟಿಕೆಟ್ ಎಲ್ಲಿ?"

"ಅವರ ಹತ್ರ ಇದೆ."

"ಟಿಕೆಟ್ ಇಲ್ದೋರನ್ನ ನಾನು ಕರ್ಕೊಂಡು ಹೋಗೋ ಹಾಗಿಲ್ಲ" ಎಂದ ಕಂಡಕ್ಟರು. "ಇಳೀರಿ ಕೆಳಗೆ."